ಎರಡು ಸುತ್ತಿನ ಸಂಗೀತ

ಹಳೆಯ ಜಪಾನಿ ವಿಡಿಯೋ ಗೇಮ್ ಸಂಗೀತದ ಆಲ್ಬಂ ಮಾರಾಟಕ್ಕಿದೆ ಎಂದರೆ ಸಂಗ್ರಾಹಕರು ಮೊದಲು ಕೇಳುವುದು ಒಂದೇ ಪ್ರಶ್ನೆ: ಓಬಿ ಇದೆಯೇ? ಓಬಿ ಎಂದರೆ ಜಪಾನಿನ ರೆಕಾರ್ಡು, ಸಿ.ಡಿ.ಗಳ ಬೆನ್ನಿಗೆ ಸುತ್ತಿರುವ ಕಾಗದದ ಪಟ್ಟಿ. ಬೆಲೆ, ಕಂಪನಿಯ ಹೆಸರು, ಒಂದೆರಡು ಸಾಲಿನ ಹೊಗಳಿಕೆ, ಅದರ ಮೇಲಿರುವುದು ಇಷ್ಟೇ. ಕೊಂಡವರು ಹರಿದು ಎಸೆದರೂ ಯಾರಿಗೂ ನಷ್ಟವಿಲ್ಲ. ಬಹಳ ಜನ ಎಸೆದೂ ಎಸೆದರು. ಉಳಿದುಕೊಂಡದ್ದಕ್ಕೆ ಈಗ ಬೆಲೆ. ಟೋಕಿಯೋದ ನಕಾನೋ ಬ್ರಾಡ್‌ವೇ, ಅಕಿಹಾಬಾರಾಗಳ ಹಳೆ ಸಾಮಾನಿನ ಅಂಗಡಿಗಳಿಗೆ ಎಡತಾಕಿ ಬಂದವರು ಈ ಆಲ್ಬಂಗಳು ಎಷ್ಟು ಅಪರೂಪ ಎಂದು ಬಾಯಿತುಂಬ ಹೇಳುತ್ತಾರೆ. ಎಷ್ಟು ಚೆನ್ನಾಗಿವೆ ಎಂದು ಹೇಳುವವರು ಕಡಿಮೆ. ಇವುಗಳಲ್ಲಿ ಬೇಸರದವೂ ಬೇಕಾದಷ್ಟಿವೆ ಎನ್ನುವವರನ್ನಂತೂ ದುರ್ಬೀನು ಹಿಡಿದು ಹುಡುಕಬೇಕು. ಕೈಗೆ ಸಿಗದ ವಸ್ತುವಿಗೆ ವಿಮರ್ಶೆಯ ಕಾಟವಿಲ್ಲ. ಮೂವತ್ತು ವರ್ಷಗಳಿಂದ ಈ ಪರಂಪರೆ ಅನುಭವಿಸುತ್ತಿರುವ ವಿನಾಯಿತಿ ಇದು.

ಆರಂಭ ಮಾತ್ರ ನಿಜಕ್ಕೂ ಭರ್ಜರಿಯಾಗಿತ್ತು. 1984ರ ಏಪ್ರಿಲ್‌ನಲ್ಲಿ ಆಲ್ಫಾ ಕಂಪನಿಯ ಯೆನ್ ಲೇಬಲ್ ‘ವಿಡಿಯೋ ಗೇಮ್ ಮ್ಯೂಸಿಕ್’ ಎಂಬ ಎಲ್‌ಪಿ ಹೊರತಂದಿತು. ಅದನ್ನು ರೂಪಿಸಿದವರು ಹರುಓಮಿ ಹೊಸೋನೊ, ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾದ ಮೂವರಲ್ಲೊಬ್ಬರು. ಆ ತಂಡ 1978ರ ತನ್ನ ಮೊದಲ ಆಲ್ಬಂನಲ್ಲೇ ಆರ್ಕೇಡ್ ಆಟಗಳ ಬೀಪ್‌ಗಳನ್ನು ಸಂಗೀತವಾಗಿ ಬಳಸಿತ್ತು. ಆರು ವರ್ಷದ ಮೇಲೆ ನ್ಯಾಮ್ಕೋ ಕಂಪನಿಯ ‘ಝೆವಿಯಸ್’, ‘ಪ್ಯಾಕ್‌ಮ್ಯಾನ್’, ‘ಗ್ಯಾಲಗಾ’, ‘ಮ್ಯಾಪಿ’ಗಳನ್ನು ಹೊಸೋನೊ ಕೈಗೆತ್ತಿಕೊಂಡಾಗ ಅವರಿಗೆ ಒಂದು ಸಂಗತಿ ಸ್ಪಷ್ಟವಿತ್ತು: ಆಟದ ಸದ್ದನ್ನು ಹಾಗೆಹಾಗೇ ಟೇಪಿಗಿಳಿಸಿದರೆ ರೆಕಾರ್ಡು ಆಗುವುದಿಲ್ಲ. ಗುಂಡಿನ ಸದ್ದು, ಸ್ಫೋಟ, ಸಿಂಥಸೈಸರ್ ಎಲ್ಲವನ್ನೂ ಬೆರೆಸಿ, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ಅವರು ಯೋಚಿಸಿದ್ದು ಈಗಲೂ ಕಿವಿಗೆ ಗೊತ್ತಾಗುತ್ತದೆ. ಆಟ ಆಡದವರೂ ಕೂತು ಕೇಳಬಹುದಾದ ಆಲ್ಬಂ ಅದು.

ಯಾಕೆ ಈ ಯೋಚನೆ ಬೇಕಾಗಿತ್ತು? ಆಟದ ಸಂಗೀತಕ್ಕೆ ಕೊನೆಯೆಂಬುದಿಲ್ಲ. ಆಡುವವನು ಗೆಲ್ಲುವವರೆಗೆ ಅಥವಾ ಸಾಯುವವರೆಗೆ ಅದು ಸುತ್ತುತ್ತಲೇ ಇರಬೇಕು. ರೆಕಾರ್ಡಿಗೆ ಮಾತ್ರ ಕೊನೆ ಬೇಕು. ಹೊಸೋನೊ ನಂತರ ಬಂದವರು ಇದಕ್ಕೆ ಕಂಡುಕೊಂಡದ್ದು ಬಹಳ ಸುಲಭದ ದಾರಿ: ರಾಗವನ್ನು ಎರಡು ಸುತ್ತು ನುಡಿಸಿ, ಮೂರನೆಯದು ಶುರುವಾಗುತ್ತಿದ್ದಂತೆ ದನಿ ಇಳಿಸಿಬಿಡುವುದು. 1986ರಲ್ಲಿ ಆಲ್ಫಾ ಕಂಪನಿಯೇ ಜಿ.ಎಂ.ಓ. ಎಂಬ ಪ್ರತ್ಯೇಕ ಲೇಬಲ್ ತೆರೆಯಿತು; ಆಮೇಲೆ ಸೈಟ್ರಾನ್ ಬಂತು, 1500 ಯೆನ್ನಿನ ಅಗ್ಗದ ಸರಣಿ ಬಂತು. ‘ಬೀಪ್’ ಪತ್ರಿಕೆ ತೆಳ್ಳನೆಯ ಪ್ಲಾಸ್ಟಿಕ್ ರೆಕಾರ್ಡನ್ನು ಸಂಚಿಕೆಯ ಜೊತೆಗೇ ಪುಕ್ಕಟೆ ಕೊಡುತ್ತಿತ್ತು. ಈ ಸುಗ್ಗಿಯಲ್ಲಿ ಒಂದು ಅಚ್ಚು ಗಟ್ಟಿಯಾಯಿತು. ಮೊದಲಿಗೆ ವಾದ್ಯಗಳಲ್ಲಿ ನುಡಿಸಿದ ಒಂದೆರಡು ‘ಅರೇಂಜ್’ ಟ್ರ್ಯಾಕ್‌ಗಳು, ನಂತರ ಆಟದೊಳಗಿನ ಮೂಲ ರಾಗಗಳು ಎರಡೆರಡು ಸುತ್ತು, ಕೊನೆಗೆ ಸ್ಫೋಟ, ನಾಣ್ಯ, ಸಾವಿನ ಸದ್ದುಗಳ ಒಂದು ಪಟ್ಟಿ. ಇಂದು ಅಪರೂಪವೆನಿಸಿಕೊಂಡ ಆಲ್ಬಂಗಳಲ್ಲಿ ಬಹುಪಾಲು ಇದೇ ಅಚ್ಚಿನವು. ದಾಖಲೆಯಾಗಿ ಅವುಗಳ ಬೆಲೆ ದೊಡ್ಡದು. ಒಂದೇ ಸಮನೆ ಮೊದಲಿನಿಂದ ಕೊನೆಯವರೆಗೆ ಕೇಳಿದರೆ, ಪ್ರತಿ ಎರಡು ನಿಮಿಷಕ್ಕೊಮ್ಮೆ ಯಾರೋ ಬಾಗಿಲು ಮುಚ್ಚಿದ ಹಾಗಾಗುತ್ತದೆ.

ಹಾಗಾದರೆ ಈ ಹಂಬಲವೆಲ್ಲ ಯಾವುದಕ್ಕೆ? ‘ಬಾಲ್ಯದ ಸದ್ದಿಗೆ’ ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಅದನ್ನು ಸ್ವಲ್ಪ ಕೆದಕಿ ನೋಡೋಣ. 1983ರಲ್ಲಿ ಬಂದ ನಿಂಟೆಂಡೋದ ಫ್ಯಾಮಿಕಾಮ್‌ನ ಚಿಪ್‌ನಲ್ಲಿ ಐದು ದನಿಗಳು: ಎರಡು ಪಲ್ಸ್ ತರಂಗ, ಬೇಸ್‌ಗೆ ಒಂದು ತ್ರಿಕೋನ ತರಂಗ, ತಾಳಕ್ಕೆ ಒಂದು ಗದ್ದಲ, ಒರಟಾದ ಸ್ಯಾಂಪಲ್‌ಗೆ ಇನ್ನೊಂದು. ತ್ರಿಕೋನ ತರಂಗದ ದನಿ ಏರಿಸಲು, ಇಳಿಸಲು ಬರುವುದಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮೂರೇ ಪಾತ್ರೆಯಲ್ಲಿ ಹಬ್ಬದಡುಗೆ ಮಾಡಿದಂತೆ, ಸಂಯೋಜಕರು ಸ್ವರಮೇಳವನ್ನು ಒಡೆದು ಒಂದರ ಹಿಂದೊಂದು ಸ್ವರವನ್ನು ಮಿಂಚಿನ ವೇಗದಲ್ಲಿ ನುಡಿಸಿ ಕಿವಿಯನ್ನು ನಂಬಿಸುತ್ತಿದ್ದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆಟದ ಸದ್ದುಗಳಿಗೂ ಇವೇ ದನಿಗಳು ಬೇಕು. ಮಾರಿಯೋ ಹಾರಿದ ಕ್ಷಣ ಒಂದು ಚಾನೆಲ್ ಆ ಹಾರಿಕೆಗೆ ಹೋಗುತ್ತದೆ; ಅಲ್ಲಿ ನಡೆಯುತ್ತಿದ್ದ ಸ್ವರ ಅಷ್ಟು ಹೊತ್ತು ಮಾಯ. ಕೋಜಿ ಕೊಂಡೊ 1985ರಲ್ಲಿ ಬರೆದ, 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದ ಆ ಮಾರಿಯೋ ರಾಗವನ್ನು ಆಡುತ್ತಾ ಇಡಿಯಾಗಿ ಕೇಳಿದ ಮಗುವೇ ಇಲ್ಲ. ಆಲ್ಬಂನಲ್ಲಿ ಮಾತ್ರ ಯಾವ ಸ್ವರವೂ ಕಳುವಾಗದೆ ಅದು ತುಂಬಿ ಹರಿಯುತ್ತದೆ. ಅಂದರೆ ಆಲ್ಬಂ ಕೊಡುವುದು ನೆನಪನ್ನಲ್ಲ. ಯಾರೂ ಕೇಳದೇ ಇದ್ದ ಒಂದು ಪರಿಪೂರ್ಣ ಪಾಠವನ್ನು.

ನಮ್ಮ ಕಡೆಯ ಕಥೆ ಇನ್ನೂ ವಿಚಿತ್ರ. 90ರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ‘ಟಿವಿ ಗೇಮ್’ ಎಂದು ಬಂದದ್ದು ಹೆಚ್ಚಾಗಿ ಫ್ಯಾಮಿಕಾಮ್‌ನ ನಕಲು ಯಂತ್ರಗಳು. ಕಾರ್ಟ್ರಿಜ್‌ಗೆ ಎಲ್ಲರೂ ‘ಕ್ಯಾಸೆಟ್’ ಎನ್ನುತ್ತಿದ್ದರು. ಮಾರಿಯೋ, ಕಾಂಟ್ರಾ ಇರುವ ಕ್ಯಾಸೆಟ್ ರಜೆಯಲ್ಲಿ ಬೀದಿಯ ಅರ್ಧ ಮನೆಗಳನ್ನು ಸುತ್ತಿ ಬರುತ್ತಿತ್ತು. ಇಂಥ ನಕಲು ಯಂತ್ರಗಳಲ್ಲಿದ್ದ ಅನೇಕ ಚಿಪ್‌ಗಳಲ್ಲಿ ಒಂದು ದೋಷವಿತ್ತು. ಪಲ್ಸ್ ತರಂಗದ ಎರಡು ಅಗಲಗಳು ಅದಲುಬದಲಾಗಿದ್ದವು: ಶೇ 25 ಇರಬೇಕಾದಲ್ಲಿ ಶೇ 50, ಐವತ್ತು ಇರಬೇಕಾದಲ್ಲಿ ಇಪ್ಪತ್ತೈದು. ಶ್ರುತಿ ಕೆಡಲಿಲ್ಲ, ತಾಳ ತಪ್ಪಲಿಲ್ಲ. ತೆಳುವಾಗಿರಬೇಕಾದ ದನಿ ದುಂಡಗಾಯಿತು, ದುಂಡಗಿನದು ಮೂಗಿನಲ್ಲಿ ಹಾಡತೊಡಗಿತು. ಆ ಯಂತ್ರಗಳಲ್ಲಿ ಆಡಿ ಬೆಳೆದವರು ಇಂದು ಕೊನಾಮಿಯ ಅಧಿಕೃತ ಸಿ.ಡಿ. ಹಾಕಿ ‘ಆಹಾ, ನಮ್ಮ ಕಾಂಟ್ರಾ’ ಎಂದರೆ, ಅದು ಅವರು ಕೇಳಿದ ಕಾಂಟ್ರಾ ಆಗಿರದೇ ಇರುವ ಸಾಧ್ಯತೆಯೇ ಹೆಚ್ಚು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನೆನಪಿನ ಹೆಸರಿನಲ್ಲಿ ಆಲ್ಬಂಗೆ ಅಂಕ ಕೊಡುವುದನ್ನು ಬಿಟ್ಟು, ಅದನ್ನು ಒಂದು ರೆಕಾರ್ಡ್ ಎಂದೇ ಕೇಳೋಣ ಎಂಬುದಷ್ಟೇ ನನ್ನ ವಾದ.

ಹಾಗೆ ಕೇಳಿದರೆ ಈ ಪರಂಪರೆಯ ದೊಡ್ಡ ಕಾಯಿಲೆ ಬೇಗ ಕಾಣುತ್ತದೆ: ಚಿಪ್ ಬಗ್ಗೆ ಅದಕ್ಕಿದ್ದ ಸಂಕೋಚ. ಕೋಯಿಚಿ ಸುಗಿಯಾಮಾ ಟಿವಿ, ಪಾಪ್ ಸಂಗೀತದಲ್ಲಿ ಹೆಸರು ಮಾಡಿ, 55ನೇ ವಯಸ್ಸಿನಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ಗೆ ಬಂದವರು. 1986ರಲ್ಲಿ ಆಟ ಬಂದ ವರ್ಷವೇ ಅದರ ವಾದ್ಯವೃಂದದ ಆಲ್ಬಂ ಬಂತು. ಮರುವರ್ಷ ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ಕಚೇರಿ. ಮುಂದೆ ಎನ್‌ಎಚ್‌ಕೆ ಸಿಂಫನಿ, ಲಂಡನ್ ಫಿಲ್ಹಾರ್ಮೋನಿಕ್‌ನವರೂ ಆ ಸರಣಿಯನ್ನು ನುಡಿಸಿದರು. ಆಟದ ಸಂಗೀತಕ್ಕೆ ಮರ್ಯಾದೆ ತಂದುಕೊಟ್ಟವರು ಎಂದು ಅವರನ್ನು ಹೊಗಳುತ್ತಾರೆ. ನನ್ನ ಕಿವಿಗೆ ಸುಗಿಯಾಮಾ ಅವರ ನಿಜವಾದ ಕಸುಬು ಇರುವುದು ಮೂಲ ಫ್ಯಾಮಿಕಾಮ್ ರೂಪದಲ್ಲೇ. ಅರಮನೆಯ ದೃಶ್ಯಕ್ಕೆ ಬಾಖ್‌ನ ಜಾಡಿನಲ್ಲಿ ಅವರು ಹೆಣೆದ ಎಳೆಗಳು, ಒಂದೊಂದೂ ಬೇರೆಯಾಗಿ ಕೇಳುತ್ತಾ ಒಂದನ್ನೊಂದು ಹಿಡಿದು ನಿಲ್ಲಿಸುವ ಪರಿ, ನಲವತ್ತು ಪಿಟೀಲುಗಳ ಕೆಳಗೆ ಮೆತ್ತಗಾಗಿಬಿಡುತ್ತದೆ. ವಾದ್ಯವೃಂದ ಇಲ್ಲಿ ರಾಗಕ್ಕೆ ಏನನ್ನೂ ಸೇರಿಸಲಿಲ್ಲ. ಅದಕ್ಕೆ ಕೋಟು ತೊಡಿಸಿತು.

ಬ್ಯಾಂಡ್‌ಗಳ ದಾರಿ ಬೇರೆ, ಸಂಕೋಚ ಅದೇ. 80ರ ದಶಕದ ಕೊನೆಗೆ ಕಂಪನಿಗೊಂದು ತಂಡ: ಸೆಗಾದ ಎಸ್.ಎಸ್.ಟಿ. ಬ್ಯಾಂಡ್, ಟೈಟೋದ ಝುಂಟಾಟಾ, ಕೊನಾಮಿಯ ಕುಕೇಹಾ ಕ್ಲಬ್, ಕ್ಯಾಪ್‌ಕಾಮ್‌ನ ಆಲ್ಫ್ ಲೈಲಾ. 1990ರಲ್ಲಿ ಎಸ್.ಎಸ್.ಟಿ.ಯೂ ಝುಂಟಾಟಾವೂ ಒಂದೇ ಉತ್ಸವದ ವೇದಿಕೆಗೆ ಎದುರುಬದುರು ಎಂಬಂತೆ ಬಂದವು. ಅದರ ಲೈವ್ ಆಲ್ಬಂ ಸಂಗ್ರಾಹಕರ ಕಣ್ಮಣಿ. ಸೆಗಾದ ಹಿರೋಶಿ ಕವಾಗುಚಿ ಬರೆದ ‘ಔಟ್‌ರನ್’ ರಾಗಗಳು ಜಪಾನಿನ ಅಂದಿನ ಫ್ಯೂಶನ್ ಜಾಝ್‌ನ ಮಕ್ಕಳು; ಬ್ಯಾಂಡ್ ನುಡಿಸಿದಾಗ ಅವು ತವರಿಗೆ ಹೋದಂತೆ ಖುಷಿಪಡುತ್ತವೆ, ನಿಜ. ಆದರೆ ಗಿಟಾರ್ ಸೋಲೊ ಶುರುವಾದ ಮೇಲೆ ಇದು ಆ ಕಾಲದ ನೂರಾರು ಫ್ಯೂಶನ್ ರೆಕಾರ್ಡುಗಳಲ್ಲಿ ಇನ್ನೊಂದು ಮಾತ್ರ. ಝುಂಟಾಟಾದ ಹಿಸಾಯೋಶಿ ಒಗುರಾ ಇವರಿಗಿಂತ ಹಟಮಾರಿ. ಮೂರು ಪರದೆಯ ‘ಡೇರಿಯಸ್’ಗೆ ಅವರು ಬರೆದದ್ದು ಯಾವ ಪ್ರಕಾರಕ್ಕೂ ಸಲೀಸಾಗಿ ಒಗ್ಗುವುದಿಲ್ಲ. ಯಮಹಾ ಎಫ್‌ಎಂ ಚಿಪ್‌ನ ಲೋಹದ ಅಂಚು ಅದರ ಹೊರಗಿನ ಬಣ್ಣವಲ್ಲ, ಒಳಗಿನ ಮೂಳೆ. ಅದನ್ನು ತೆಗೆದರೆ ರಾಗ ಕುಸಿಯುತ್ತದೆ ಎಂಬುದು ಅವರಿಗೆ ಗೊತ್ತಿದ್ದಂತಿದೆ.

‘ಮದರ್’ ಆಟದ 1989ರ ಆಲ್ಬಂ ನನಗೆ ಅರ್ಧ ಮಾತ್ರ ಇಷ್ಟ. ಕೇಯಿಚಿ ಸುಜುಕಿ ಮತ್ತು ಹಿರೋಕಾಜು ತನಾಕಾರ ರಾಗಗಳನ್ನು ಇಂಗ್ಲೆಂಡಿನ ಗಾಯಕರಿಂದ ಹಾಡಿಸಿದ ಆಲ್ಬಂ ಇದು. ವಾದ್ಯ ಸಂಯೋಜನೆಗೆ ಡೇವಿಡ್ ಬೆಡ್‌ಫರ್ಡ್, ಮೈಕೆಲ್ ನೈಮನ್‌ರಂಥವರು. ಪಾಪ್ ಹಾಡುಗಳಿಗೆ ವಯಸ್ಸಾಗಿದೆ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ವೃಂದ ಹಾಡಿದ ಎಂಟು ಸ್ವರಗುಚ್ಛಗಳ ಗೀತೆಗೆ ಮಾತ್ರ ಆಗಿಲ್ಲ. ಆಟದುದ್ದಕ್ಕೂ ಚೂರುಚೂರಾಗಿ ಸಿಗುವ ರಾಗ ಅಲ್ಲಿ ಮೊದಲ ಬಾರಿಗೆ ಒಟ್ಟಾಗಿ ಉಸಿರಾಡುತ್ತದೆ. ನೊಬುವೊ ಉಎಮಾತ್ಸುರ ‘ಫೈನಲ್ ಫ್ಯಾಂಟಸಿ 4’ರ ರಾಗಗಳನ್ನು ಐರ್ಲೆಂಡಿನ ಕಲಾವಿದರು ನುಡಿಸಿದ ‘ಕೆಲ್ಟಿಕ್ ಮೂನ್’ (1991) ಕೂಡ ಈ ಗುಂಪಿನದೇ, ಚಂದವಾಗಿದೆ, ಹೆಚ್ಚು ಹೇಳುವುದಕ್ಕೇನಿಲ್ಲ.

ಇಡೀ ಪರಂಪರೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಹಿರೋಕಿ ಕಿಕುತಾರ ‘ಸೀಕ್ರೆಟ್ ಆಫ್ ಮಾನಾ ಪ್ಲಸ್’ (1993) ಹಿಡಿದುಕೊಳ್ಳುತ್ತೇನೆ. ಸುಮಾರು 50 ನಿಮಿಷದ ಒಂದೇ ಟ್ರ್ಯಾಕ್. ಆಟದ ರಾಗಗಳು ಇದರಲ್ಲಿ ಬಂದುಹೋಗುತ್ತವೆ. ಯಾವುದೂ ಎರಡು ಸುತ್ತು ಹಾಕಿ ಕರಗುವುದಿಲ್ಲ, ಯಾವುದೂ ವಾದ್ಯವೃಂದದ ಪೋಷಾಕು ಬೇಡುವುದಿಲ್ಲ. ಒಂದು ರಾಗ ಇನ್ನೊಂದರೊಳಗೆ ಕಾಲಿಡುವಾಗ ನಡುವಿನ ಸದ್ದೂ ರಾಗದಷ್ಟೇ ಜೋಪಾನವಾಗಿ ಕಟ್ಟಿದ್ದು. ಟ್ರ್ಯಾಕ್ ಹಾರಿಸಿ ಮೆಚ್ಚಿನ ರಾಗಕ್ಕೆ ಹೋಗುವ ದಾರಿಯೇ ಇಲ್ಲ! ಆಟದ ನೆನಪಿಗಾಗಿ ಕೊಂಡವರಿಗೆ ಇದು ಸಿಟ್ಟು ತರಿಸಿದ್ದರೆ ಆಶ್ಚರ್ಯವಿಲ್ಲ. ಹೊಸೋನೊ ಎತ್ತಿದ್ದ ಪ್ರಶ್ನೆಗೆ ಒಂಬತ್ತು ವರ್ಷಗಳ ನಂತರ ಸಿಕ್ಕ ಸರಿಯಾದ ಉತ್ತರ ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಇಂಥವು ಮುದ್ರಣದಲ್ಲಿ ಇಲ್ಲದೇ ಹೋದದ್ದಕ್ಕೆ ರಮ್ಯ ಕಾರಣಗಳನ್ನು ಹುಡುಕಬೇಕಾಗಿಲ್ಲ. ಕಂಪನಿಗಳು ಮುಳುಗಿದವು. ಟೆಕ್ನೋಸ್ 1996ರಲ್ಲಿ, ಎಸ್‌ಎನ್‌ಕೆ 2001ರಲ್ಲಿ, ಡೇಟಾ ಈಸ್ಟ್ 2003ರಲ್ಲಿ ದಿವಾಳಿಯಾದವು; ಹಡ್ಸನ್ 2012ರಲ್ಲಿ ಕೊನಾಮಿಯೊಳಗೆ ಕರಗಿತು. ಸ್ಕ್ವೇರ್ ಕಂಪನಿಯ ಆಟ, ಸಿ.ಡಿ.ಗಳನ್ನು ಕನ್ವೀನಿಯನ್ಸ್ ಸ್ಟೋರ್‌ಗಳ ಮೂಲಕ ಮಾರಲು ಹುಟ್ಟಿದ ಡಿಜಿಕ್ಯೂಬ್ 2003ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಅಂದು ಅದರ ಆಲ್ಬಂಗಳೆಲ್ಲ ಏಕಾಏಕಿ ‘ಅಪರೂಪ’ದ ಪಟ್ಟಿಗೆ ಸೇರಿದವು. ಮರುವರ್ಷದಿಂದ ಸ್ಕ್ವೇರ್ ಎನಿಕ್ಸ್ ಹಲವನ್ನು ಮರುಮುದ್ರಿಸಿದಾಗ ಬೆಲೆ ಇಳಿದದ್ದು ಬರೀ ಹಳೆಯ ಪ್ರತಿಗಳದು. ಸಂಗೀತದ ಒಂದು ಸ್ವರವೂ ಬದಲಾಗಿರಲಿಲ್ಲ.

ಇನ್ನೊಂದು ವಿಚಾರವನ್ನು ಸಂಗ್ರಾಹಕರು ಗಟ್ಟಿಯಾಗಿ ಹೇಳುವುದಿಲ್ಲ. ಜಪಾನಿನ ಹೊರಗೆ ಬಹಳ ಜನ ಈ ಆಲ್ಬಂಗಳನ್ನು ಮೊದಲು ಕೇಳಿದ್ದು ತೈವಾನಿನ ಸನ್ ಮೇ, ಎವರ್ ಅನಿಮೆ ಮುಂತಾದವರ ನಕಲಿ ಸಿ.ಡಿ.ಗಳಲ್ಲಿ. 2002ರ ಜನವರಿಯಲ್ಲಿ ತೈವಾನ್ ವಿಶ್ವ ವಾಣಿಜ್ಯ ಸಂಸ್ಥೆ ಸೇರುವವರೆಗೆ ಆ ವ್ಯಾಪಾರಕ್ಕೆ ಅಲ್ಲಿ ದೊಡ್ಡ ಅಡ್ಡಿಯಿರಲಿಲ್ಲ. ಇಂದು ಅಸಲಿಗಾಗಿ ಹಟ ಹಿಡಿದಿರುವ ಎಷ್ಟೋ ಜನರ ರುಚಿಯನ್ನು ತಿದ್ದಿದ್ದು ನಕಲಿ.

ಅಸಲಿಯ ಪರವಾಗಿ ಒಂದು ಗಟ್ಟಿ ವಾದ ಮಾತ್ರ ಇದೆ, ಅದು ಓಬಿಯದಲ್ಲ, ಒಳಗಿನ ಪುಸ್ತಿಕೆಯದು. 80ರ ದಶಕದ ಕಂಪನಿಗಳು ಸಂಯೋಜಕರ ಹೆಸರನ್ನು ಆಟದಲ್ಲಿ ಸರಿಯಾಗಿ ಹಾಕುತ್ತಿರಲಿಲ್ಲ, ಹಾಕಿದರೂ ಅಡ್ಡಹೆಸರು. 1986ರ ‘ಆಕುಮಾಜೋ ಡ್ರಾಕ್ಯುಲಾ’ಕ್ಕೆ ರಾಗ ಕಟ್ಟಿದ ಕಿನುಯೋ ಯಮಾಶಿತಾ ಪರದೆಯ ಮೇಲೆ ‘ಜೇಮ್ಸ್ ಬನಾನಾ’. ‘ಝೆವಿಯಸ್’ನ ಯುರಿಕೋ ಕೇಯಿನೊ, ‘ಡ್ರುಆಗಾ’ದ ಜುಂಕೋ ಒಝಾವಾ, ‘ಗ್ರಾಡಿಯಸ್’ನ ಮಿಕಿ ಹಿಗಾಶಿನೊ, ‘ಸ್ಟ್ರೀಟ್ ಫೈಟರ್ 2’ರ ಯೋಕೋ ಶಿಮೋಮುರಾ: ಈ ಪರಂಪರೆಯ ಬುನಾದಿಯ ದೊಡ್ಡ ಭಾಗ ಹೆಂಗಸರು ಹಾಕಿದ್ದು. ಆಡುತ್ತಿದ್ದವರಿಗೆ ಅದು ಗೊತ್ತಿರಲಿಲ್ಲ. ಕ್ಯಾಪ್‌ಕಾಮ್‌ನ ‘ರಾಕ್‌ಮ್ಯಾನ್’ (1987) ಮುಗಿದಾಗ ಪರದೆಯ ಮೇಲೆ ಬರುವ ‘ಚಾಂಚಾಕೊರಿನ್ ಮನಾಮಿ’ ಎಂದರೆ ಮನಾಮಿ ಮತ್ಸುಮಾಯೆ. ಪುಸ್ತಿಕೆಗಳು, ಮರುಮುದ್ರಣಗಳ ಟಿಪ್ಪಣಿಗಳು, ಸಂದರ್ಶನಗಳು ಸೇರಿಯೇ ಈ ಹೆಸರುಗಳನ್ನು ಬಿಡಿಸಿ ಕೊಟ್ಟಿವೆ. ಮತ್ಸುಮಾಯೆಯವರ ಸ್ವಂತ ಆಲ್ಬಂ ‘ತ್ರೀ ಮೂವ್‌ಮೆಂಟ್ಸ್’ ಟೋಕಿಯೋದ ಬ್ರೇವ್ ವೇವ್ ಲೇಬಲ್‌ನಿಂದ ಬಂದದ್ದು 2017ರಲ್ಲಿ, ‘ರಾಕ್‌ಮ್ಯಾನ್’ ಬಂದು 30 ವರ್ಷಕ್ಕೆ. ಅದರಲ್ಲಿ ಯಾವ ಆಟದ ನೆನಪನ್ನೂ ಮಾರಾಟಕ್ಕಿಟ್ಟಿಲ್ಲ. ಹೊದಿಕೆಯ ಮೇಲೆ ಇರುವುದು ಅವರದೇ ಹೆಸರು.