ಹಳದಿ ಹಕ್ಕಿಯ ಹದ

ಭಾನುವಾರ ಬೆಳಗಿನ ಆರೂವರೆಗೆ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತರೆ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ರಿಂಗ್ ರಸ್ತೆಯಿಂದ ಇಳಿದ ಕಾರುಗಳು ಮೆಟ್ರೊ ಕಂಬಗಳ ಸಾಲಿಗೆ ಬಂದು ಕೆಂಗೇರಿ ಕಡೆ ತಿರುಗುತ್ತವೆ. ಅವುಗಳ ನಡುವೆ ಒಂದೋ ಎರಡೋ ಪೋಲೊ ಜಿಟಿ, ಅಪರೂಪಕ್ಕೊಂದು ಆಕ್ಟೇವಿಯಾ ವಿಆರ್‌ಎಸ್. ಗೇರ್ ಬದಲಾದಾಗ ಬಾನೆಟ್ಟಿನೊಳಗಿಂದ 'ಪುಸ್ಸ್' ಎಂಬ ಸದ್ದು ಬಂದರೆ ಟರ್ಬೊ ಒತ್ತಿ ತುಂಬಿದ್ದ ಗಾಳಿ ಹೊರಬಿದ್ದಿತು ಎಂದರ್ಥ. ಆ ಸದ್ದಿಗೆ ನನ್ನ ಕತ್ತು ತಾನಾಗಿ ತಿರುಗುತ್ತದೆ.

ಕಳೆದ ವಾರ ಮೈಸೂರು ರಸ್ತೆಯ ಒಳಗಲ್ಲಿಯ ಗ್ಯಾರೇಜೊಂದರಲ್ಲಿ ಕೂತಿದ್ದಾಗ ಇಂಥದೇ ಪೋಲೊ ಬಂದು ನಿಂತಿತು. ಹುಡುಗ ಇಳಿದವನೇ, "ಅಣ್ಣಾ, ರೀಮ್ಯಾಪ್ ಆಯ್ತು. 105 ಇದ್ದಿದ್ದು 140 ಆಗಿದೆ" ಅಂದ. ಎಂಜಿನ್ನಿನ ಕಂಪ್ಯೂಟರಿನ ಫೈಲು ಬದಲಿಸಿ ಅಶ್ವಶಕ್ತಿ ಏರಿಸುವುದಕ್ಕೆ ರೀಮ್ಯಾಪ್ ಅನ್ನುತ್ತಾರೆ. ಮೆಕ್ಯಾನಿಕ್ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: "ಬ್ರೇಕ್ ಏನ್ ಹಾಕಿಸ್ದೆ?" ಹುಡುಗ ಸುಮ್ಮನಾದ. ನನಗೆ ತಕ್ಷಣ ನೆನಪಾದದ್ದು 1987ರ ಒಂದು ಹಳದಿ ಕಾರು.

ಆ ವರ್ಷ ಅಮೆರಿಕದ 'ರೋಡ್ ಅಂಡ್ ಟ್ರ್ಯಾಕ್' ಪತ್ರಿಕೆಯವರು ಜಗತ್ತಿನ ಅತಿ ವೇಗದ ಕಾರುಗಳನ್ನೆಲ್ಲ ಜರ್ಮನಿಯ ಏರಾ-ಲೆಸಿನ್ ಪರೀಕ್ಷಾ ಟ್ರ್ಯಾಕಿಗೆ ಕರೆಸಿದ್ದರು. ಫೆರಾರಿ ಟೆಸ್ಟರೊಸ್ಸಾ ಬಂದಿತ್ತು, ಲ್ಯಾಂಬೊರ್ಗಿನಿ ಕೌಂಟಾಶ್ ಬಂದಿತ್ತು, ಪೋರ್ಷೆ ಕಂಪನಿಯ ಹೆಮ್ಮೆಯ 959 ಬಂದಿತ್ತು. ಸ್ಟಿಯರಿಂಗ್ ಹಿಡಿದವರಲ್ಲಿ 1961ರ ಫಾರ್ಮುಲಾ ಒನ್ ಚಾಂಪಿಯನ್ ಫಿಲ್ ಹಿಲ್, 1960ರಲ್ಲಿ ಲೆ ಮಾನ್ಸ್ ಗೆದ್ದ ಪಾಲ್ ಫ್ರೇರ್ ಇದ್ದರು. ಎಲ್ಲವನ್ನೂ ಹಿಂದೆ ಹಾಕಿ ಗಂಟೆಗೆ 339 ಕಿ.ಮೀ. ಮುಟ್ಟಿದ್ದು ನೋಡಲು ಸಾಧಾರಣ ಪೋರ್ಷೆ 911ರಂತೆಯೇ ಇದ್ದ ರೂಫ್ ಸಿಟಿಆರ್. ಬೂದು ಬಣ್ಣದ ಆ ದಿನದಲ್ಲಿ ಹಳದಿಯಾಗಿ ಹೊಳೆದದ್ದಕ್ಕೆ ಪತ್ರಿಕೆಯವರೇ ಅದನ್ನು 'ಯೆಲ್ಲೋ ಬರ್ಡ್' ಅಂದರು. ಆ ವೇಗದಲ್ಲಿ ನಾಯಂಡಹಳ್ಳಿ ಮೆಟ್ರೊ ನಿಲ್ದಾಣದಿಂದ ಕೆಂಗೇರಿಗೆ ಹೆಚ್ಚುಕಡಿಮೆ ಒಂದು ನಿಮಿಷದ ದಾರಿ. ಮುಂದೆ ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ ಆ ಕಾರು 342 ಮುಟ್ಟಿತು.

ಇದನ್ನು ಕಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲ. ಬವೇರಿಯದ ಪ್ಫಾಫೆನ್‌ಹೌಸೆನ್ ಎಂಬ ಸಣ್ಣ ಊರಿನಲ್ಲಿ 1939ರಲ್ಲಿ ಅಪ್ಪ ತೆರೆದ ಗ್ಯಾರೇಜನ್ನು 1974ರಲ್ಲಿ ಕೈಗೆತ್ತಿಕೊಂಡ ಮಗ ಅಲೋಯಿಸ್ ರೂಫ್. 3.4 ಲೀಟರಿನ ಆರು ಸಿಲಿಂಡರ್ ಎಂಜಿನ್ನಿಗೆ ಅವರು ಎರಡು ಟರ್ಬೊ ಕೂರಿಸಿದರು. ಶಕ್ತಿ 469 ಅಶ್ವಶಕ್ತಿಗೆ ಏರಿತು. ಇಷ್ಟಕ್ಕೇ ನಿಂತಿದ್ದರೆ ಆ ಕಾರನ್ನು ಇವತ್ತು ಯಾರೂ ನೆನೆಯುತ್ತಿರಲಿಲ್ಲ.

ಪೋರ್ಷೆಯವರದೇ 911 ಟರ್ಬೊದ ಅಗಲವಾದ ಮೈ ಸುಲಭವಾಗಿ ಸಿಗುತ್ತಿತ್ತು. ಅದು ಗಾಳಿಗೆ ಹೆಚ್ಚು ಅಡ್ಡ ನಿಲ್ಲುತ್ತದೆಂದು ರೂಫ್ 911 ಕರೇರಾದ ಕಿರಿದಾದ ಮೈಯನ್ನೇ ಆರಿಸಿಕೊಂಡರು. ಚಾವಣಿಯ ಅಂಚಿನಲ್ಲಿ ಮಳೆನೀರು ಹರಿಯಲು ಇದ್ದ ಪಟ್ಟಿಯನ್ನು ಕತ್ತರಿಸಿ ನುಣ್ಣಗೆ ಮಾಡಿದರು. ಬಾಗಿಲು, ಬಾನೆಟ್ಟುಗಳನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿಸಿದರು. ಟರ್ಬೊ ಗಾಳಿಯನ್ನು ಒತ್ತಿದಷ್ಟೂ ಗಾಳಿ ಕಾಯುತ್ತದೆ. ಕಾದ ಗಾಳಿ ಎಂಜಿನ್ನಿಗೆ ಹೋದರೆ ಪೆಟ್ರೋಲು ಹೊತ್ತಿಗೆ ಮೊದಲೇ ಸಿಡಿದು 'ನಾಕಿಂಗ್' ಶುರುವಾಗುತ್ತದೆ, ಪಿಸ್ಟನ್ನಿಗೆ ಅದೇ ಮೃತ್ಯು. ಅದಕ್ಕೆಂದೇ ಹಿಂದಿನ ಚಕ್ರಗಳ ಪಕ್ಕದಲ್ಲಿ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗಳನ್ನಿಟ್ಟು, ಮೈಯಲ್ಲೇ ಗಾಳಿ ನುಗ್ಗುವ ಕಂಡಿ ಕೊರೆದರು. ಬ್ರೇಕು ಬ್ರೆಂಬೊ ಕಂಪನಿಯದು, ಟೈರು ಆ ವೇಗ ತಡೆದುಕೊಳ್ಳುವಂಥ ಡನ್‌ಲಪ್. ಹೆಚ್ಚಿಸಿದ್ದಕ್ಕಿಂತ ತೆಗೆದದ್ದರಲ್ಲಿ ಅವರ ಜಾಣ್ಮೆ ಹೆಚ್ಚು ಕಾಣುತ್ತದೆ. ಟ್ಯೂನಿಂಗ್ ಎಂಬುದಕ್ಕೆ ನನಗೆ ತೋಚುವ ಕನ್ನಡ 'ಹದ ಮಾಡುವುದು'. ಮಣ್ಣಿಗೆ, ಹಿಟ್ಟಿಗೆ, ಕಬ್ಬಿಣಕ್ಕೆ ಹೇಳುವ ಅದೇ ಹದ. ಒಂದು ಪದಾರ್ಥ ಏರಿದರೆ ಉಳಿದದ್ದೆಲ್ಲ ಅದಕ್ಕೆ ಒಗ್ಗಬೇಕು.

ಈ ಹಕ್ಕಿಗೂ ನಮ್ಮ ಮೈಸೂರು ರಸ್ತೆಗೂ ಒಂದು ಎಳೆಯ ನಂಟಿದೆ. ಅದರ ಇಂಧನ ಮತ್ತು ಕಿಡಿಯನ್ನು ನೋಡಿಕೊಂಡದ್ದು ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ. ಅದೇ ಬಾಷ್, 'ಮೈಕೋ' ಹೆಸರಿನಲ್ಲಿ 1950ರ ದಶಕದಿಂದ ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್, ಇಂಜೆಕ್ಷನ್ ಪಂಪು ಮಾಡಿಕೊಂಡು ಬಂದದ್ದು. ಅದರ ಬಿಡದಿ ಕಾರ್ಖಾನೆಯ ಬಸ್ಸುಗಳು ಈ ಜಂಕ್ಷನ್ನನ್ನು ದಾಟಿಯೇ ಹೋಗುತ್ತವೆ. ಪಂಪಿನ ಹನಿ ಎಷ್ಟು, ಕಿಡಿ ಯಾವ ಕ್ಷಣಕ್ಕೆ ಎಂಬುದನ್ನು ಕೈಯಾರೆ ಬಲ್ಲ ಎರಡು ತಲೆಮಾರು ಈ ಊರಿನಲ್ಲಿದೆ. ಇಲ್ಲಿ ಟರ್ಬೊ ಪ್ರೀತಿ ಬೇರೂರಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇನ್ನೊಂದು ಕಾರಣ ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಶಕ್ತಿಯನ್ನು ಸುಮ್ಮನೆ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಇಲ್ಲಿ ತುಸು ಸೋಂಬೇರಿ ಅನ್ನಿಸುವುದು ಇದರಿಂದಲೇ. ಟರ್ಬೊ ಆ ಕೊರತೆಯನ್ನು ತುಂಬಿಕೊಡುತ್ತದೆ, ಆದರೆ ಹೆಚ್ಚು ದುಡಿದು, ಹೆಚ್ಚು ಕಾದು. ರೀಮ್ಯಾಪ್ ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬೇರೆ ದೇಶದ ಫೈಲನ್ನು ಹಾಗೇ ತುಂಬಿದರೆ ನಷ್ಟ ಮಾಲೀಕನಿಗೆ.

ಕಾನೂನಿನ ಮಾತನ್ನೂ ಹೇಳಲೇಬೇಕು. 1981ರಲ್ಲಿ ಜರ್ಮನಿಯ ಸರ್ಕಾರ ರೂಫ್‌ನ ಗ್ಯಾರೇಜನ್ನು ಕಾರು ತಯಾರಕ ಸಂಸ್ಥೆಯೆಂದೇ ಮಾನ್ಯ ಮಾಡಿತು. ಅವರ ಕಾರಿಗೆ ಅವರದೇ ಚಾಸಿ ನಂಬರು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸಲು ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಸುರಕ್ಷತೆಯ ದೃಷ್ಟಿಯಿಂದ ಆ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಕೆಲಸ ಬಲ್ಲ ಗ್ಯಾರೇಜು ಪರೀಕ್ಷೆಗೆ ಒಳಪಟ್ಟು ಮಾನ್ಯತೆ ಪಡೆಯುವ ದಾರಿಯೂ ಬೇಕು. ಆ ದಾರಿ ಇಲ್ಲದಿರುವುದರಿಂದಲೇ ಒಳ್ಳೆಯ ಕೈಗಳು ಒಳಗಲ್ಲಿಗಳಲ್ಲಿ ಉಳಿದಿವೆ.

ಹುಡುಗರಲ್ಲಿ ನನ್ನದೊಂದು ಕೋರಿಕೆ. ರೀಮ್ಯಾಪಿಗೆ ಕೂಡಿಟ್ಟ ದುಡ್ಡನ್ನು ಮೊದಲು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಟೈರುಗಳಿಗೆ ಹಾಕಿ. ಗಾಡಿಯ ವೇಗ ನೋಡಲೇಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ; ಟ್ರ್ಯಾಕ್ ತೆರೆದಿರುವ ದಿನ ಕೇಳಿಕೊಂಡು ಹೋಗಿ. ನಾಯಂಡಹಳ್ಳಿ ದಾಟಿ ಸಿಗುವ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಗಂಟೆಗೆ 100 ಕಿ.ಮೀ.