ಸಶೇಷ: ಗಡಿಯ ಓದುಗ ಮತ್ತು ಅದ್ಭುತ ಕಥನಗಳ ಮುಕ್ತಾಯ

ಅದ್ಭುತ ಕಥನ ಮತ್ತು ವೈಜ್ಞಾನಿಕ ಕಾದಂಬರಿಗಳ ಸರಣಿಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅವುಗಳ ಮುಕ್ತಾಯದ ಸುತ್ತಲೇ ನಡೆಯುತ್ತದೆ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ದೃಶ್ಯಸರಣಿಯ ಕೊನೆಯ ಭಾಗವನ್ನು ಹೊಸದಾಗಿ ನಿರ್ಮಿಸಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಸಹಿ ಹಾಕಿದರು. ಇದನ್ನು ಅಭಿಮಾನಿಗಳ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಸರಣಿಯೆಂಬುದು ಓದುಗನಿಂದ ಕಾಲವನ್ನು ಸಾಲ ಪಡೆಯುವ ಪ್ರಕಾರ. ಕೊನೆಯಲ್ಲಿ ಆತ ಕೇಳುವುದು ಆ ಸಾಲದ ತೀರುವಳಿಯನ್ನು. ಯಾವುದು ತೀರುವಳಿ ಎಂಬುದು ಮಾತ್ರ ಓದುಗ ನಿಂತ ನೆಲವನ್ನು ಅವಲಂಬಿಸಿದೆ. ತುಂಗಭದ್ರೆಯ ಉತ್ತರ ದಡದ ರಾಜೋಳಿಯಂತಹ ಊರಿನಿಂದ, ಮನೆಯ ಕನ್ನಡ ಮತ್ತು ಬೀದಿಯ ತೆಲುಗುಗಳ ನಡುವಿನಿಂದ, ಈ ಪ್ರಶ್ನೆಯನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಈ ಭಾಗದ ಓದುಗರಿಗೆ ಅದ್ಭುತ ಸರಣಿಯ ಮೊದಲ ಪಾಠ ಹೇಳಿದ್ದು ‘ಚಂದಮಾಮ’. 1947ರಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಹೊರಟ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂದಿತು. 1954ರಲ್ಲಿ ‘ತೋಕಚುಕ್ಕ’ದಿಂದ ಆರಂಭಿಸಿ ‘ಮುಗ್ಗುರು ಮಾಂತ್ರಿಕುಲು’, ‘ಕಂಚುಕೋಟ’, ‘ಜ್ವಾಲಾದ್ವೀಪಂ’, ‘ಯಕ್ಷಪರ್ವತಂ’ ಮೊದಲಾದ ಧಾರಾವಾಹಿಗಳನ್ನು ಸುಮಾರು ಕಾಲು ಶತಮಾನ ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಪುಟಗಳಲ್ಲಿ ಅವರ ಹೆಸರು ಇರಲಿಲ್ಲ. ‘ಚಿತ್ರಾ’ ಅವರ ರೇಖೆಗಳು ಎಲ್ಲ ಭಾಷೆಗಳಿಗೂ ಒಂದೇ ಆಗಿದ್ದವು. ಹೀಗಾಗಿ ದ್ವಿಭಾಷಿಕ ಓದುಗನಿಗೆ ಒಂದೇ ಮಾಂತ್ರಿಕ, ಒಂದೇ ಕೋಟೆ, ಎರಡು ಲಿಪಿ. ಮೂಲ ಯಾವುದು, ಅನುವಾದ ಯಾವುದು ಎಂಬ ಪ್ರಶ್ನೆ ಅವನಲ್ಲಿ ಹುಟ್ಟುವುದೇ ಇಲ್ಲ.

ಈ ಧಾರಾವಾಹಿಗಳ ಮುಕ್ತಾಯ ಬಹುಪಾಲು ಪುನಃಸ್ಥಾಪನೆಯದು. ದುಷ್ಟ ಮಾಂತ್ರಿಕ ಅಳಿಯುತ್ತಾನೆ, ಕಳೆದುಹೋದ ಸಿಂಹಾಸನ ಮರಳುತ್ತದೆ, ವಿವಾಹ ನಡೆಯುತ್ತದೆ, ರಾಜ್ಯದ ಎಲ್ಲೆ ಮೊದಲಿನಂತಾಗುತ್ತದೆ. ಕಾಡು, ಪಾಳುಗುಡಿ, ಪಾತಾಳಗಳಲ್ಲಿ ತಿಂಗಳುಗಟ್ಟಲೆ ಅಲೆಸಿದ ಕಥೆ ಕೊನೆಯ ಕಂತಿನಲ್ಲಿ ಅವಸರದಿಂದ ಅರಮನೆ ಸೇರುತ್ತದೆ. ಇವು ಅಚ್ಚಾಗುತ್ತಿದ್ದ ಕಾಲದಲ್ಲಿಯೇ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ, ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಮಾತ್ರ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಹೋದವು. ಏಕೀಕರಣವೆಂಬ ದೀರ್ಘ ಕಥನಕ್ಕೆ ಕನ್ನಡದ ಬಹುಪಾಲು ಓದುಗರು ಕಂಡುಕೊಂಡ ಮಂಗಳ ಇಲ್ಲಿಯ ಓದುಗನಿಗೆ ದೊರೆಯಲಿಲ್ಲ. ಮುಂದೆ 2014ರಲ್ಲಿ ರಾಜ್ಯ ಬದಲಾಯಿತು, 2016ರಲ್ಲಿ ಜಿಲ್ಲೆ ಬದಲಾಯಿತು. ಎಲ್ಲೆಯೆಂಬುದು ಪ್ರತಿ ಕಂತಿನಲ್ಲೂ ಚಲಿಸುವ ವಸ್ತುವೆಂದು ತಿಳಿದವನು, ಅದು ಶಾಶ್ವತವಾಗಿ ನೆಟ್ಟಗಾಯಿತೆನ್ನುವ ಅರಮನೆಯ ಮುಕ್ತಾಯವನ್ನು ಸಂತೋಷದಿಂದ ಓದಬಹುದು, ನಂಬಲಾರ.

ಈ ಅಪನಂಬಿಕೆಗೆ ನೆರವಾಗುವ ಸಾಮಗ್ರಿ ಎರಡೂ ಭಾಷೆಗಳ ಜನಪದದಲ್ಲಿದೆ. ತೆಲುಗಿನ ಅಜ್ಜಿ ಕಥೆಯನ್ನು ಕಂಚಿಗೆ ಕಳುಹಿಸಿ ಕೇಳುಗರನ್ನು ಮನೆಗೆ ಕಳುಹಿಸುತ್ತಾಳೆ. ಕನ್ನಡದ ಅಜ್ಜಿ ‘ಅವರು ಅಲ್ಲಿ, ನಾವು ಇಲ್ಲಿ’ ಎಂದು ಮುಗಿಸುತ್ತಾಳೆ. ಎರಡೂ ಮಾತು ಸುಖಾಂತವನ್ನು ಕಥೆಯವರಿಗೆ ಬಿಟ್ಟುಕೊಡುತ್ತವೆ, ಕೇಳುಗನಿಗೆ ಅದರಲ್ಲಿ ಪಾಲು ಕೊಡುವುದಿಲ್ಲ. ಕಂತಿನ ಕೊನೆಯ ಒಕ್ಕಣೆಗಳಲ್ಲಿಯೂ ಸೂಕ್ಷ್ಮ ವ್ಯತ್ಯಾಸವಿದೆ. ತೆಲುಗಿನ ‘ಇಂಕಾ ಉಂದಿ’ ಉಳಿದದ್ದು ಈಗಾಗಲೇ ಇದೆ ಎನ್ನುತ್ತದೆ. ಕನ್ನಡ ಪತ್ರಿಕೆಗಳ ‘ಮುಂದುವರಿಯುವುದು’ ಭವಿಷ್ಯದ ಭರವಸೆ. ಎರಡಕ್ಕೂ ಸಾಮಾನ್ಯವಾದ ‘ಸಶೇಷ’ ಇವುಗಳಿಗಿಂತ ನಿಷ್ಠುರ: ಅದು ಶೇಷವಿದೆ ಎನ್ನುತ್ತದೆ, ಆ ಶೇಷ ಯಾವಾಗ, ಯಾರ ಕೈ ಸೇರುತ್ತದೆ ಎನ್ನುವುದಿಲ್ಲ.

ಹಾಗೆಂದು ಮುಗಿಯದಿರುವುದನ್ನೇ ಮೌಲ್ಯವೆಂದು ಎತ್ತಿಹಿಡಿಯುವಂತಿಲ್ಲ. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳಿಗೆ ಸ್ಪಷ್ಟ ಅಂತ್ಯವಿದೆ. ಕೊನೆಯ ಒಗಟಿಗೆ ರಾಜನಲ್ಲಿ ಉತ್ತರವಿಲ್ಲ. ಅವನ ಮೌನದಿಂದ ತೃಪ್ತನಾದ ಬೇತಾಳ ಕಪಟ ಭಿಕ್ಷುವಿನ ಸಂಚನ್ನು ತಿಳಿಸುತ್ತಾನೆ. ಎಲ್ಲವನ್ನೂ ಬಲ್ಲ ರಾಜನಿಗೆ ‘ತಿಳಿಯದು’ ಎಂಬುದೇ ಬಿಡುಗಡೆಯಾಗುವ ಈ ಮುಕ್ತಾಯ ಕಥನದ ಗಂಭೀರ ತೀರುವಳಿ. ‘ಚಂದಮಾಮ’ ಹೊಸ ಹೊಸ ಕಥೆಗಳನ್ನು ಪೋಣಿಸಿ ಆ ಮೌನವನ್ನು ದಶಕಗಳ ಕಾಲ ಮುಂದೂಡಿತು. ಶವ ಮರವೇರಿದಷ್ಟು ಸಲವೂ ನಮಗೆ ರಂಜನೆ ದೊರೆಯಿತು, ಚೌಕಟ್ಟಿನ ಅರ್ಥ ಮಾತ್ರ ಕೈತಪ್ಪಿತು. 1953ರ ಹೊತ್ತಿಗೆ ಮೂರು ಸಂಪುಟಗಳಲ್ಲಿ ನಿಂತಿದ್ದ ‘ಫೌಂಡೇಶನ್’ ಸರಣಿಯನ್ನು ಅಸಿಮೋವ್ 1982ರಲ್ಲಿ ಮತ್ತೆ ತೆರೆದದ್ದರ ಹಿಂದೆಯೂ ಓದುಗರ ಮತ್ತು ಪ್ರಕಾಶಕರ ಒತ್ತಾಯವಿತ್ತು. ಮುಗಿಯದಿರುವುದು ಬೇರೆ, ಮುಗಿಸಗೊಡದಿರುವುದು ಬೇರೆ.

ಇವೆರಡಕ್ಕೂ ಹೊರತಾದ ಮೂರನೆಯ ದಾರಿಯನ್ನು ಸರಣಿಯಲ್ಲದ ಕೃತಿಯೊಂದು ತೋರುತ್ತದೆ. ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಕೊನೆಯಲ್ಲಿ, ಇಡೀ ಶೋಧದ ಗುರಿಯಾಗಿದ್ದ ಹಾರುವ ಓತಿ ಎಲ್ಲರ ಕಣ್ಣೆದುರಿಗೇ ಕಣಿವೆಯತ್ತ ತೇಲಿಹೋಗುತ್ತದೆ. ಕಥೆ ಮುಗಿದಿದೆ, ವಸ್ತು ಕೈಗೆ ಸಿಕ್ಕಿಲ್ಲ. ಇಲ್ಲಿ ಶೇಷವನ್ನು ವ್ಯಾಪಾರಕ್ಕಾಗಿ ಕೂಡಿಟ್ಟಿಲ್ಲ, ಓದುಗನ ವಶಕ್ಕೆ ಒಪ್ಪಿಸಲಾಗಿದೆ. ಅರಮನೆಯ ಮುಕ್ತಾಯವನ್ನು ನಂಬದ, ಮುಂದೂಡಿಕೆಯಿಂದ ದಣಿದ ಗಡಿಯ ಓದುಗ ತನ್ನದೆಂದು ಗುರುತಿಸಬಲ್ಲ ತೀರುವಳಿ ಇದು.

ಈ ಓದು ಒಂದು ಕೆಲಸವನ್ನೂ ಸೂಚಿಸುತ್ತದೆ. ‘ಚಂದಮಾಮ’ದ ತೆಲುಗು ಮತ್ತು ಕನ್ನಡ ಕಂತುಗಳನ್ನು, ವಿಶೇಷವಾಗಿ ಕೊನೆಯ ಕಂತುಗಳನ್ನು, ಎದುರುಬದುರು ಇಟ್ಟು ಓದುವ ಅಧ್ಯಯನ ನಡೆಯಬೇಕು. ಅನುವಾದದಲ್ಲಿ ಮುಕ್ತಾಯಗಳು ಹಿಗ್ಗಿದವೇ, ಕುಗ್ಗಿದವೇ? ರಾಜ್ಯ, ಎಲ್ಲೆ, ಪ್ರಜೆ ಎಂಬ ಪದಗಳು ಕನ್ನಡದಲ್ಲಿ ಯಾವ ರೂಪ ತಾಳಿದವು? ಎರಡೂ ಲಿಪಿಗಳನ್ನು ಸಲೀಸಾಗಿ ಓದಬಲ್ಲ, ಆ ಕಂತುಗಳಿಗಾಗಿ ತಿಂಗಳಿಡೀ ಕಾದ ಪೀಳಿಗೆ ಮಖ್ತಲ್, ನಾರಾಯಣಪೇಟೆ, ಗದ್ವಾಲಗಳಲ್ಲಿ ಇನ್ನೂ ಇದೆ. ಅವರ ನಂತರದ ಮಕ್ಕಳ ಶಾಲೆಯ ಓದಿನಲ್ಲಿ ಕನ್ನಡದ ಪಾಲು ಕಿರಿದಾಗುತ್ತಿದೆ. ಕೇಳಬೇಕಾದವರು ಇರುವಾಗಲೇ ಕೇಳಿ ದಾಖಲಿಸದಿದ್ದರೆ, ಈ ಸರಣಿ ಮುಗಿಯದೆಯೇ ನಿಂತುಹೋಗುತ್ತದೆ.