ಸೈಕಲ್ ಸವಾರನ ಪರಿಹಾರ: ಒಂದು ಪರಾಮರ್ಶೆ

ಬೆಂಗಳೂರಿನ ಉತ್ತರ ಭಾಗದ ರಸ್ತೆಗಳಲ್ಲಿ ಬೈಸಿಕಲ್ಲನ್ನೇರಿ ಸಂಚರಿಸುವವರನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಭಾನುವಾರದ ಬೆಳಗಿನ ಜಾವದಲ್ಲಿ ಹೆಬ್ಬಾಳದ ಮೇಲುಸೇತುವೆಯನ್ನು ದಾಟಿ, ಬಳ್ಳಾರಿ ರಸ್ತೆಯನ್ನು ಹಿಡಿದು ನಂದಿಬೆಟ್ಟದ ಕಡೆಗೆ ಸಾಗುವ ಹೆಲ್ಮೆಟ್‌ಧಾರಿಗಳದು ಒಂದು ವರ್ಗ. ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಹಮಾಲಿಗಾಗಿ, ಯಲಹಂಕದ ಹೊಸ ಬಡಾವಣೆಗಳಿಗೆ ಕಾವಲು ಕೆಲಸಕ್ಕಾಗಿ, ಆರ್.ಟಿ. ನಗರದ ಅಡ್ಡರಸ್ತೆಗಳಿಗೆ ಸೊಪ್ಪು ಮಾರುವುದಕ್ಕಾಗಿ ಪೆಡಲು ತುಳಿಯುವವರದು ಇನ್ನೊಂದು. ಕಾರೋ ಲಾರಿಯೋ ಬಡಿದಾಗ ಎರಡೂ ವರ್ಗದವರ ಎಲುಬು ಒಂದೇ ಬಗೆಯಾಗಿ ಮುರಿಯುತ್ತದೆ. ಆದರೆ ನ್ಯಾಯಮಂಡಳಿಯಿಂದ ಅವರಿಗೆ ಬರುವ ಹಣದಲ್ಲಿ ಬಹಳ ಅಂತರ ಕಾಣುತ್ತದೆ. ಈ ಅಂತರವು ಶಾಸನದ ಹೃದಯದಿಂದ ಹುಟ್ಟಿದುದೋ, ಅದನ್ನು ನಡೆಸುವ ಕ್ರಮದಿಂದ ಹುಟ್ಟಿದುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಶಾಸನಕ್ಕೆ ಸಲ್ಲಬೇಕಾದ ಪ್ರಶಂಸೆಯನ್ನು ಮೊದಲು ಸಲ್ಲಿಸೋಣ. 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ತಂದ ತಿದ್ದುಪಡಿಯು ಅಪಘಾತದ ಪರಿಹಾರವನ್ನು ಸಾಧಾರಣ ಸಿವಿಲ್ ದಾವೆಯ ಜಟಿಲತೆಯಿಂದ ಬಿಡಿಸಿ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಒಪ್ಪಿಸುವ ದಾರಿಯನ್ನು ತೆರೆಯಿತು. 1988ರ ಕಾಯಿದೆ ಅದನ್ನೇ ಮುಂದುವರಿಸಿತು. ಬೆಂಗಳೂರಿನಲ್ಲಿ ಈ ಮಂಡಳಿಗಳು ಲಘು ವ್ಯವಹಾರ ನ್ಯಾಯಾಲಯದಲ್ಲಿಯೇ ನಡೆಯುತ್ತವೆ. ವಕೀಲರ ಬಾಯಲ್ಲಿ ಇಲ್ಲಿನ ಪ್ರಕರಣಗಳು 'ಎಂವಿಸಿ ಕೇಸು'ಗಳು. ಬಹುತೇಕ ಎಲ್ಲ ಮೋಟಾರು ವಾಹನಗಳಿಗೂ ಮೂರನೆಯವರ ವಿಮೆ ಕಡ್ಡಾಯವಾದುದರಿಂದ, ಗಾಯಾಳುವಿಗೆ ಹಣ ತೆರಬೇಕಾದವನು ಸಾಮಾನ್ಯವಾಗಿ ಬಡ ಚಾಲಕನಲ್ಲ, ವಿಮಾ ಕಂಪನಿ. ತಾನೇ ಯಾವ ವಿಮೆಯನ್ನೂ ಹೊಂದಿರದ ಸೈಕಲ್ ಸವಾರನಿಗಿಂತ ಈ ರಕ್ಷಣೆಗೆ ಹೆಚ್ಚು ಅರ್ಹನಾದ ಮೂರನೆಯವನನ್ನು ಕಲ್ಪಿಸುವುದು ಕಷ್ಟ. ಜಖಂಗೊಂಡ ಸೈಕಲ್ಲಿನ ಬೆಲೆಯನ್ನೂ ಅದೇ ಅರ್ಜಿಯಲ್ಲಿ ಕೇಳಬಹುದು.

ಪರಿಹಾರದ ಗಣಿತವೂ ಶ್ಲಾಘನೀಯವೇ. ಸರಳಾ ವರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ವಯಸ್ಸಿಗೆ ತಕ್ಕ ಗುಣಕವನ್ನು, ಎಂದರೆ ವಾರ್ಷಿಕ ಆದಾಯನಷ್ಟವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆಯನ್ನು, ನಿಗದಿಮಾಡಿ, ನ್ಯಾಯಾಧೀಶರ ಮನೋಧರ್ಮಕ್ಕೆ ಬಿಟ್ಟಿದ್ದುದನ್ನು ಒಂದು ಶಿಸ್ತಿಗೆ ತಂದಿತು. ಮೂವತ್ತು ವಯಸ್ಸಿನವನಿಗೆ ಗುಣಕ 17. ಅವನ ಮಾಸಿಕ ಆದಾಯ 12,000 ರೂಪಾಯಿ ಎಂದೂ ಗಳಿಕೆಯ ಶಕ್ತಿಯಲ್ಲಿ ಶೇಕಡ 20ರಷ್ಟು ಶಾಶ್ವತವಾಗಿ ನಷ್ಟವಾಯಿತೆಂದೂ ಭಾವಿಸಿದರೆ, ಆ ಒಂದು ಬಾಬಿನಲ್ಲಿಯೇ 4,89,600 ರೂಪಾಯಿ ಬರುತ್ತದೆ. ಚಿಕಿತ್ಸೆಯ ವೆಚ್ಚ, ನೋವು, ಹಾಸಿಗೆ ಹಿಡಿದ ತಿಂಗಳುಗಳ ಕೂಲಿ, ಇವೆಲ್ಲ ಬೇರೆ.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಆದಾಯದ ಅಂಕಿಯ ಮೇಲೆ. ಸಂಬಳದ ಚೀಟಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ತರಬಲ್ಲ ಭಾನುವಾರದ ಸವಾರನಿಗೆ ಇದು ತೊಡಕಲ್ಲ. ದಿನದ ಕೂಲಿಯನ್ನು ದಿನವೇ ಕೈಯಲ್ಲಿ ಎಣಿಸಿಕೊಳ್ಳುವ ಹಮಾಲಿಗೆ ಇದೇ ಎಡರು. ಅವನ ಮಾತನ್ನು ಬದಿಗಿರಿಸಿ 'ಕಾಲ್ಪನಿಕ ಆದಾಯ' 9,000 ಎಂದು ಹಿಡಿದರೆ ಮೇಲಿನ ಮೊತ್ತವು 3,67,200ಕ್ಕೆ ಇಳಿಯುತ್ತದೆ. ಗಾಯ ಅದೇ, ವಯಸ್ಸು ಅದೇ, ಕಡಮೆಯಾದುದು ಕಾಗದ ಮಾತ್ರ. ಕರ್ನಾಟಕದಿಂದಲೇ ಹೋದ ಎರಡು ಮೇಲ್ಮನವಿಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರವೃತ್ತಿಯನ್ನು ತಿದ್ದಿದುದುಂಟು. 2011ರ ರಾಮಚಂದ್ರಪ್ಪ ಪ್ರಕರಣದಲ್ಲಿ, ಕೂಲಿಕಾರನು ಆದಾಯಕ್ಕೆ ದಾಖಲೆಯನ್ನು ತರಲಾರನೆಂಬುದನ್ನು ಮನಗಂಡು, 3,000 ರೂಪಾಯಿಯೆಂದು ಎಣಿಸಿದ್ದನ್ನು ಅವನೇ ಹೇಳಿಕೊಂಡ 4,500ಕ್ಕೆ ಏರಿಸಿತು; 2014ರ ಸೈಯದ್ ಸಾದಿಕ್ ಪ್ರಕರಣದಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಗೆ 3,500ರ ಬದಲು 6,500ನ್ನು ಮಾನ್ಯಮಾಡಿತು. ತತ್ತ್ವವು ಸಿದ್ಧವಾಗಿಯೇ ಇದೆ. ಆದರೆ ಅದನ್ನು ಪಡೆಯುವುದಕ್ಕೆ ಕೂಲಿಯವನು ದೆಹಲಿಯವರೆಗೆ ಹೋಗಬೇಕಾಯಿತೆಂಬುದೇ ಕೆಳಗಿನ ಪದ್ಧತಿಯ ಮೇಲಿನ ಆಕ್ಷೇಪ.

ಅಂಗವೈಕಲ್ಯದ ಅಳತೆಯಲ್ಲಿಯೂ ಇದೇ ವೈಷಮ್ಯವು ಇಣುಕುತ್ತದೆ. ಮೊಣಕಾಲಿಗೆ ಶೇಕಡ 30ರಷ್ಟು ಊನವಿದೆಯೆಂದು ವೈದ್ಯರು ಸಾಕ್ಷಿ ನುಡಿದರೆ, ಅದರ ಮೂರನೆಯ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವ ರೂಢಿಯು ನಮ್ಮ ಮಂಡಳಿಗಳಲ್ಲಿ ಬೇರೂರಿದೆ. 2010ರ ಅಕ್ಟೋಬರಿನಲ್ಲಿ ತೀರ್ಮಾನವಾದ ರಾಜ್‌ಕುಮಾರ್ ಪ್ರಕರಣವು ಇಂಥ ಯಾಂತ್ರಿಕ ಎಣಿಕೆಯನ್ನು ಒಪ್ಪಲಿಲ್ಲ. ಎಡಗೈ ಹೋದರೆ ಗುಮಾಸ್ತನ ಉದ್ಯೋಗ ಉಳಿದೀತು, ಬಡಗಿಯದೂ ಚಾಲಕನದೂ ಉಳಿಯಲಾರದು, ಆದಕಾರಣ ನೋಡಬೇಕಾದುದು ಕಸುಬಿನ ಮೇಲಾದ ಪರಿಣಾಮವನ್ನೇ ಎಂದು ಅದು ವಿಶದಪಡಿಸಿತು. ಮೊಣಕಾಲು ಮಡಿಸಲಾಗದ ಹಮಾಲಿಗೆ ನಷ್ಟವಾದುದು ಶೇಕಡ 10 ಎಂದು ಹೇಳುವುದು ಗಣಿತವಾದೀತು, ನ್ಯಾಯವೆನಿಸಲಾರದು.

ಇನ್ನು ತಪ್ಪು ಯಾರದೆಂಬ ಪ್ರಶ್ನೆ. ಕ್ರಿಮಿನಲ್ ವಿಚಾರಣೆಯಷ್ಟು ಕಟ್ಟುನಿಟ್ಟಾದ ರುಜುವಾತನ್ನು ಮಂಡಳಿಯು ಬೇಡುವುದಿಲ್ಲ. ಆದರೂ ಸಂಚಾರ ಠಾಣೆಯಲ್ಲಿ ತಯಾರಾದ ಎಫ್‌ಐಆರ್, ಸ್ಥಳದ ಮಹಜರು, ನಕ್ಷೆ, ವಾಹನ ತಪಾಸಣೆಯ ವರದಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಇವುಗಳ ಮೇಲೆಯೇ ಪ್ರಕರಣವು ನಿಲ್ಲುತ್ತದೆ ಅಥವಾ ಬೀಳುತ್ತದೆ. ಮಹಜರು ಬರೆಯುವ ಹೊತ್ತಿನಲ್ಲಿ ಚಾಲಕನು ಅಲ್ಲಿ ನಿಂತಿರುತ್ತಾನೆ, ಸವಾರನು ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ಆ ನಕ್ಷೆಯಲ್ಲಿ ಸೈಕಲ್ಲು ರಸ್ತೆಯ ಅಂಚಿನಿಂದ ನಾಲ್ಕು ಅಡಿ ಒಳಗೆ ಕಾಣಿಸಿದರೆ ಸಾಕು, ಸವಾರನದೂ ನಿರ್ಲಕ್ಷ್ಯವೆಂದು ವಿಮಾ ಕಂಪನಿಯ ವಕೀಲರು ಪರಿಹಾರದ ಒಂದು ಪಾಲನ್ನು ಕಡಿಯಲು ವಾದಿಸುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ನೆದರ್ಲೆಂಡ್ಸಿನಲ್ಲಿ ಹದಿನಾಲ್ಕಕ್ಕಿಂತ ಕಿರಿಯ ಸವಾರನಿಗೆ ಸಾಮಾನ್ಯವಾಗಿ ಪೂರ್ಣ ಪರಿಹಾರ, ಹಿರಿಯನಿಗೆ ಕನಿಷ್ಠ ಅರ್ಧ ಎಂಬ ನಿಯಮವಿದೆ. ಭಾರವಾದ ಯಂತ್ರವನ್ನು ರಸ್ತೆಗೆ ತಂದವನೇ ಅದರ ಅಪಾಯದ ಹೊಣೆಯನ್ನೂ ಹೊರಬೇಕೆಂಬುದು ಅಲ್ಲಿನ ಭಾವನೆ. ನಮ್ಮಲ್ಲಿಯೂ 2019ರ ತಿದ್ದುಪಡಿಯು ತಪ್ಪಿನ ವಿಚಾರವಿಲ್ಲದೆ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೊಡಿಸುತ್ತದೆ. ಆದರೆ ಅದನ್ನು ಸ್ವೀಕರಿಸಿದವನ ಮಂಡಳಿಯ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಬಡಿದ ವಾಹನವು ನಿಲ್ಲದೆ ಓಡಿಹೋಗಿ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ ದೊರೆಯುವುದು 50,000 ಮಾತ್ರ.

ಅದೇ ತಿದ್ದುಪಡಿಯ ಮತ್ತೆರಡು ಅಂಶಗಳನ್ನು ಜೊತೆಗಿಟ್ಟು ನೋಡಿದರೆ ಶಾಸಕರ ಮನಸ್ಸಿನ ದ್ವಂದ್ವವು ಗೋಚರಿಸುತ್ತದೆ. 2022ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ನಿಯಮಗಳಂತೆ ಪೊಲೀಸರು ಮೊದಲ ವರದಿಯನ್ನು 48 ಗಂಟೆಗಳಲ್ಲಿಯೂ ವಿವರವಾದ ವರದಿಯನ್ನು 90 ದಿನಗಳಲ್ಲಿಯೂ ಮಂಡಳಿಗೆ ಕಳುಹಿಸಬೇಕು. ಮಂಡಳಿಯು ಈ ಎರಡನೆಯ ವರದಿಯನ್ನೇ ಅರ್ಜಿಯೆಂದು ಪರಿಗಣಿಸಬೇಕು. ಗಾಯಾಳುವು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ತಪ್ಪಿಸುವ ಈ ಏರ್ಪಾಡು ನಿಜವಾಗಿಯೂ ದೊಡ್ಡದು. ಆದರೆ ಅರ್ಜಿ ಸಲ್ಲಿಸುವುದಕ್ಕಿದ್ದು 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು, ಆರೇ ತಿಂಗಳಿನದಾಗಿ, ಅದೇ ತಿದ್ದುಪಡಿಯು ಮರಳಿ ತಂದಿತು. ಎಲುಬಿಗೆ ಹಾಕಿದ ಕಬ್ಬಿಣದ ಪಟ್ಟಿಯನ್ನು ತೆಗೆಯುವುದಕ್ಕೇ ಕೆಲವೊಮ್ಮೆ ವರ್ಷ ಹಿಡಿಯುವಾಗ, ಮಲಗಿದಲ್ಲಿಂದಲೇ ವಕೀಲರನ್ನು ಹುಡುಕೆಂದು ಕೂಲಿಯವನಿಗೆ ವಿಧಿಸುವುದು ಸೌಜನ್ಯದ ಲಕ್ಷಣವಲ್ಲ.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ದೋಷವು ಪರಿಹಾರದ ಸೂತ್ರದಲ್ಲಿಲ್ಲ. ಸೂತ್ರಕ್ಕೆ ಬೇಕಾದ ಅಂಕಿಗಳನ್ನು ಒದಗಿಸುವ ಭಾರವನ್ನು, ಅದನ್ನು ಹೊರಲು ಎಲ್ಲರಿಗಿಂತ ಅಶಕ್ತನಾದವನ ಹೆಗಲಿಗೇ ಹೇರಿರುವುದರಲ್ಲಿದೆ. ಠಾಣೆಯ ಅಧಿಕಾರಿಯು ವಿವರವಾದ ವರದಿಯನ್ನು ಬರೆಯುವಾಗ ಗಾಯಾಳುವಿನ ಕಸುಬೇನು, ಆ ಕಸುಬಿಗೆ ಆ ಪ್ರದೇಶದಲ್ಲಿ ನಡೆಯುವ ಕೂಲಿಯೆಷ್ಟು ಎಂಬುದನ್ನು ಯಶವಂತಪುರದ ಪ್ರಾಂಗಣದಲ್ಲಿಯೇ ವಿಚಾರಿಸಿ ದಾಖಲಿಸಲಿ. ಮಂಡಳಿಯು ಅದನ್ನು ಆರಂಭದ ಪುರಾವೆಯೆಂದು ಸ್ವೀಕರಿಸಿ, ಅದು ತಪ್ಪೆಂದು ತೋರಿಸುವ ಹೊಣೆಯನ್ನು ವಿಮಾ ಕಂಪನಿಗೆ ಬಿಡಲಿ. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ಇರುವ ತೀರ್ಪುಗಳನ್ನು ಕೆಳಗಿನ ಮೆಟ್ಟಿಲಲ್ಲಿಯೇ ಓದಿದರೆ ಸಾಕು.